ಬೇರಿಗೆ ಸುರಿದ ಎಣ್ಣೆ

ಬಸದಿಯ ಗೋಡೆಗಳ ಮೇಲೆ, ಧಾರ್ಮಿಕ ಪಾಠಶಾಲೆಯ ಪುಸ್ತಕಗಳಲ್ಲಿ ನಾವು ಬಾಲ್ಯದಿಂದಲೂ ನೋಡುತ್ತ ಬಂದ ಚಿತ್ರವೊಂದುಂಟು. ಹಣ್ಣು ತುಂಬಿದ ನೇರಳೆಯ ಮರ, ಅದರ ಸುತ್ತ ಹಸಿದ ಆರು ಮಂದಿ ದಾರಿಹೋಕರು. ಒಬ್ಬನು ಮರವನ್ನು ಬೇರುಸಹಿತ ಕೆಡವಲು ಹೊರಟಿದ್ದಾನೆ. ಒಬ್ಬನಿಗೆ ಕಾಂಡ ಬೇಕು, ಒಬ್ಬನಿಗೆ ಕೊಂಬೆ, ಒಬ್ಬನಿಗೆ ರೆಂಬೆ. ಐದನೆಯವನು ಹಣ್ಣುಗಳನ್ನಷ್ಟೇ ಕೀಳುತ್ತಾನೆ. ಆರನೆಯವನು ನೆಲಕ್ಕೆ ಬಿದ್ದ ಹಣ್ಣುಗಳನ್ನು ಆಯ್ದುಕೊಂಡು ತೃಪ್ತನಾಗುತ್ತಾನೆ. ಕೃಷ್ಣಲೇಶ್ಯೆಯಿಂದ ಶುಕ್ಲಲೇಶ್ಯೆಯವರೆಗೆ ಮನಸ್ಸಿನ ಆರು ಬಣ್ಣಗಳನ್ನು ಮಕ್ಕಳಿಗೆ ತಿಳಿಸಲು ಇದಕ್ಕಿಂತ ಸುಲಭವಾದ ದೃಷ್ಟಾಂತವಿಲ್ಲ. ಆದರೆ ಆ ಆರು ಮಂದಿಯೂ ಮರದಿಂದ ಏನನ್ನು ತೆಗೆದುಕೊಳ್ಳಬೇಕೆಂದು ಯೋಚಿಸಿದವರು. ಮರದ ಬುಡಕ್ಕೆ ತಾನು ಬೇಡವೆಂದ ವಿಷವನ್ನು ಸುರಿದು, ಹಿಂತಿರುಗಿ ನೋಡದೆ ನಡೆದುಹೋಗುವ ಏಳನೆಯವನನ್ನು ಆ ಚಿತ್ರ ಬರೆದವರು ಕಂಡಿರಲಿಲ್ಲ. ನಮ್ಮ ಕಾಲ ಕಂಡಿದೆ. ಸೋಜಿಗವೆಂದರೆ, ಆ ವಿಷವನ್ನು ನೆಲದಡಿಯ ನೀರಿನಿಂದ ತೆಗೆಯಲು ಈಗ ಮತ್ತೆ ಮರಗಳನ್ನೇ ಕರೆಯಲಾಗುತ್ತಿದೆ.

ಪೆಟ್ರೋಲು, ಡೀಸೆಲ್ಲುಗಳಿಂದ ಕೆಟ್ಟ ಅಂತರ್ಜಲವನ್ನು ಮರಗಳ ಬೇರುಗಳಿಂದ ಶುದ್ಧಿಗೊಳಿಸುವ ವಿಧಾನವನ್ನು ವಿಜ್ಞಾನಿಗಳು ಕೆಲವು ದಶಕಗಳಿಂದ ಪರೀಕ್ಷಿಸುತ್ತಿದ್ದಾರೆ. ಅಧ್ಯಾತ್ಮದ ಅಂಕಣದಲ್ಲಿ ಇದೇಕೆ ಎಂದು ಓದುಗರು ಕೇಳಬಹುದು. ಜಲಕಾಯಿಕ ಜೀವ, ವನಸ್ಪತಿಕಾಯಿಕ ಜೀವಗಳೆಂದು ನೀರನ್ನೂ ಮರವನ್ನೂ ಜೀವರಾಶಿಯಲ್ಲೇ ಎಣಿಸಿದ ಧರ್ಮ ನಮ್ಮದು. ನೀರನ್ನು ಸೋಸಿ ಕುಡಿಯುವುದು ಶ್ರಾವಕನ ಗುರುತು. ಹೀಗಿರುವಾಗ ನೀರಿಗೆ ಬಂದ ಈ ಹೊಸ ಕೇಡು ಧರ್ಮದ ಹೊರಗಿನ ಸಂಗತಿಯಾಗಲಾರದು.

ಮೊದಲು ಕೇಡಿನ ಪ್ರಮಾಣವನ್ನು ತಿಳಿಯೋಣ. ಪೆಟ್ರೋಲು ನೀರಿಗಿಂತ ಹಗುರ. ನೆಲದಡಿಯ ತೊಟ್ಟಿಯೋ ಕೊಳವೆಯೋ ತುಕ್ಕು ಹಿಡಿದು ಸೋರಿದಾಗ ಅದು ಮಣ್ಣಿನಲ್ಲಿ ಇಳಿದು, ಅಂತರ್ಜಲವನ್ನು ಮುಟ್ಟಿ, ಬಹುಭಾಗ ಅದರ ಮೇಲೆ ಪದರವಾಗಿ ನಿಲ್ಲುತ್ತದೆ. ಆದರೆ ಅದರೊಳಗಿನ ಬೆಂಜೀನ್, ಟಾಲ್ಯೂಈನ್ ಮೊದಲಾದ ದ್ರವ್ಯಗಳು ಸ್ವಲ್ಪಸ್ವಲ್ಪವಾಗಿ ನೀರಿನಲ್ಲಿ ಕರಗಿ ನೀರಿನೊಡನೆಯೇ ಪ್ರಯಾಣ ಮಾಡುತ್ತವೆ. ಬೆಂಜೀನ್ ರಕ್ತದ ಕ್ಯಾನ್ಸರಿಗೆ ಕಾರಣವಾಗಬಲ್ಲ ವಸ್ತು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 10 ಮೈಕ್ರೊಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ದೇಶದ ಇಂದಿನ ಪೆಟ್ರೋಲಿನಲ್ಲಿ ಬೆಂಜೀನ್ ಶೇಕಡಾ 1ನ್ನು ಮೀರಬಾರದೆಂಬ ನಿಯಮವಿದೆ. ಇನ್ನುಳಿದುದು ಏಳನೆಯ ತರಗತಿಯ ಲೆಕ್ಕ. ಒಂದು ಲೀಟರ್ ಪೆಟ್ರೋಲಿನಲ್ಲಿ ಹೆಚ್ಚೆಂದರೆ 10 ಮಿಲಿಲೀಟರ್, ಅಂದರೆ ಸುಮಾರು ಎಂಟೂಮುಕ್ಕಾಲು ಗ್ರಾಂ ಬೆಂಜೀನ್. ಅದಷ್ಟೂ ನೀರಿನಲ್ಲಿ ಕರಗಿತೆಂದುಕೊಂಡರೆ ಎಂಟು ಲಕ್ಷ ಲೀಟರಿಗೂ ಮಿಕ್ಕಿದ ನೀರನ್ನು ಅದು ಮಿತಿಯ ಅಂಚಿಗೆ ತಂದು ನಿಲ್ಲಿಸಬಲ್ಲದು. ಸೋರಿದ್ದು ಒಂದು ಲೀಟರ್, ಕೆಟ್ಟದ್ದು ಒಂದು ಸಣ್ಣ ಕೆರೆ. ನಿಜದಲ್ಲಿ ಅಷ್ಟೂ ಕರಗುವುದಿಲ್ಲ, ಆವಿಯಾಗುವುದೂ ಉಂಟು. ಆದರೂ ಈ ಲೆಕ್ಕವನ್ನು ಮಾಡಿ ನೋಡಿದಂದು ನನಗೆ ಬಹಳ ಹೊತ್ತು ಬೇರೆ ಕೆಲಸ ಕೈಗೆ ಹತ್ತಲಿಲ್ಲ.

ಇದು ಬರಿಯ ಲೆಕ್ಕವಲ್ಲವೆಂಬುದಕ್ಕೆ ನೆರೆಯ ಚೆನ್ನೈ ಸಾಕ್ಷಿ. 2013ರಲ್ಲಿ ಅಲ್ಲಿನ ತೊಂಡಿಯಾರ್‌ಪೇಟೆಯ ಜನರು ತಮ್ಮ ಮನೆಯ ಕೊಳವೆಬಾವಿಗಳಿಂದ ನೀರೆತ್ತಿದರೆ ನೀರಿನೊಡನೆ ತೈಲ ಬಂದಿತು. ನೆಲದಡಿ ಹಾದುಹೋಗಿದ್ದ ಇಂಧನದ ಕೊಳವೆಮಾರ್ಗದಲ್ಲಿ ಸೋರಿಕೆಯಾಗಿತ್ತು. ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು; ನೆಲವನ್ನೂ ನೀರನ್ನೂ ಶುದ್ಧಿಗೊಳಿಸುವ ಮಾತು ವರ್ಷಗಟ್ಟಲೆ ನಡೆಯಿತು. ಆ ಬೀದಿಯ ಮನೆಗಳಲ್ಲಿ ನೀರು ಸೋಸುವ ಬಟ್ಟೆಯೇನು ಮಾಡಬಲ್ಲದಿತ್ತು? ಎರಡು ಮಡಿಕೆಯ ದಟ್ಟ ಬಟ್ಟೆ ತ್ರಸಜೀವಿಗಳನ್ನು ತಡೆದೀತು, ಕರಗಿದ ಬೆಂಜೀನನ್ನು ತಡೆಯದು. ಕಾಯಿಸಿದರಾಯಿತೆನ್ನುವವರೂ ಉಂಟು. ಕಾಯಿಸಿದರೆ ಅದು ಆವಿಯಾಗಿ ಅಡುಗೆಮನೆಯ ಗಾಳಿಗೆ ಸೇರುತ್ತದೆ, ಒಲೆಯ ಮುಂದೆ ನಿಂತವರ ಉಸಿರಿಗೆ ಹೋಗುತ್ತದೆ.

ಇನ್ನು ಮರದ ಕೆಲಸ. ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ಎಲಿಜಬೆತ್ ಸಿಟಿಯಲ್ಲಿ ಅಲ್ಲಿನ ಕರಾವಳಿ ಕಾವಲು ಪಡೆಯ ನೆಲೆಯೊಂದಿದೆ. ದಶಕಗಳ ಕಾಲ ಅಲ್ಲಿ ವಿಮಾನದ ಮತ್ತು ವಾಹನಗಳ ಇಂಧನವನ್ನು ನೆಲದ ತೊಟ್ಟಿಗಳಲ್ಲಿ ಇರಿಸಲಾಗುತ್ತಿತ್ತು. ತೊಟ್ಟಿಗಳನ್ನು ತೆಗೆದುಹಾಕಿದ ಮೇಲೂ ಸೋರಿದ ಇಂಧನ ನೆಲದಲ್ಲೇ ಉಳಿಯಿತು. 2006ರಿಂದ ಮೊದಲ್ಗೊಂಡು ಅಲ್ಲಿಯ ವಿಶ್ವವಿದ್ಯಾಲಯದವರು ಆ ಜಾಗದಲ್ಲಿ ಪಾಪ್ಲರ್, ವಿಲೋ ಜಾತಿಯ ಸುಮಾರು ಮೂರು ಸಾವಿರ ಸಸಿಗಳನ್ನು ನೆಟ್ಟರು. ಇವು ಬೇಗ ಬೆಳೆಯುವ, ಬಹಳ ನೀರು ಕುಡಿಯುವ ಮರಗಳು. ಚೆನ್ನಾಗಿ ಬೆಳೆದ ಪಾಪ್ಲರ್ ಬೇಸಗೆಯ ಒಂದು ದಿನಕ್ಕೆ ನೂರು ಲೀಟರಿನಷ್ಟು ನೀರನ್ನು ಬೇರಿನಿಂದೆಳೆದು ಎಲೆಯಿಂದ ಹೊರಬಿಡಬಲ್ಲದು. ಸಾಲಾಗಿ ನೆಟ್ಟ ಇಂಥ ಮರಗಳು ಕೆಟ್ಟ ನೀರು ಮುಂದಕ್ಕೆ ಹರಿಯದಂತೆ ತಮ್ಮತ್ತ ಸೆಳೆದುಕೊಳ್ಳುತ್ತವೆ.

ಆದರೆ ನಿಜವಾದ ಶುದ್ಧಿ ನಡೆಯುವುದು ಬಹುಮಟ್ಟಿಗೆ ಮರದ ಒಳಗಲ್ಲ, ಬೇರಿನ ಸುತ್ತ. ಬೇರು ತಾನು ಬೆಳೆಯುತ್ತ ಮಣ್ಣನ್ನು ಸಡಿಲಿಸಿ ಗಾಳಿಯಾಡಲು ಹಾದಿ ಮಾಡುತ್ತದೆ. ಸಕ್ಕರೆಯಂಥ ದ್ರವ್ಯಗಳನ್ನು ಮಣ್ಣಿಗೆ ಒಸರುತ್ತದೆ. ಅದನ್ನುಂಡು ಕೋಟಿಕೋಟಿ ಸೂಕ್ಷ್ಮಾಣುಗಳು ಹೆಚ್ಚುತ್ತವೆ. ಅವುಗಳಲ್ಲಿ ಕೆಲವಕ್ಕೆ ಪೆಟ್ರೋಲಿನ ಅಂಶವೇ ಆಹಾರ; ಅದನ್ನು ಒಡೆದು ಇಂಗಾಲದ ಡೈಆಕ್ಸೈಡು ಮತ್ತು ನೀರಾಗಿ ಮಾಡುತ್ತವೆ. ನಮ್ಮ ದೇಶದಲ್ಲಿಯೂ ದೆಹಲಿಯ ಟೆರಿ ಸಂಸ್ಥೆಯವರು ತೈಲ ತಿನ್ನುವ ಸೂಕ್ಷ್ಮಾಣುಗಳ ಮಿಶ್ರಣವೊಂದನ್ನು ಸಿದ್ಧಪಡಿಸಿ ‘ಆಯಿಲ್‌ಜ್ಯಾಪರ್’ ಎಂಬ ಹೆಸರಿನಿಂದ ತೈಲ ಚೆಲ್ಲಿದ ನೆಲಗಳಲ್ಲಿ ಬಳಸಿದ್ದಾರೆ. (ಈ ಸೂಕ್ಷ್ಮಾಣುಗಳೇ ನಮ್ಮ ಶಾಸ್ತ್ರದ ನಿಗೋದ ಜೀವಗಳೆಂದು ಉಪನ್ಯಾಸಗಳಲ್ಲಿ ಹೇಳುವ ಆತುರ ಬೇಡ. ಶಾಸ್ತ್ರದ ವಿಭಾಗ ಬೇರೆ, ಪ್ರಯೋಗಾಲಯದ ವಿಭಾಗ ಬೇರೆ. ಹೋಲಿಕೆಯಿಂದ ಎರಡಕ್ಕೂ ಗೌರವ ಹೆಚ್ಚುವುದಿಲ್ಲ.)

ಇಲ್ಲಿ ನನ್ನನ್ನು ಕಾಡಿದ ಪ್ರಶ್ನೆಯೊಂದಿದೆ. ಮರವೂ ಒಂದು ಜೀವ. ಸ್ಪರ್ಶವೊಂದೇ ಇಂದ್ರಿಯವಾದ, ಓಡಿಹೋಗಲಾರದ, ಕೂಗಲಾರದ ಜೀವ. ನಾವು ಮಾಡಿದ ವಿಷವನ್ನು ಕುಡಿಯೆಂದು ಅದನ್ನು ತಂದು ನಿಲ್ಲಿಸುವುದು ಅಹಿಂಸೆಯೇ? ಎಲಿಜಬೆತ್ ಸಿಟಿಯಲ್ಲಿಯೇ ಇಂಧನ ದಟ್ಟವಾಗಿದ್ದ ಕಡೆ ಸಸಿಗಳು ಸತ್ತವು, ಉಳಿದವು ಕುಗ್ಗಿದವು. ಇದನ್ನು ಓದಿದಾಗ ಮರ ನೆಡುವುದೆಲ್ಲ ಪುಣ್ಯವೆಂಬ ನನ್ನ ಸರಳ ನಂಬಿಕೆ ಸ್ವಲ್ಪ ಅಲುಗಿತು.

ಗೃಹಸ್ಥನು ಸಂಕಲ್ಪಪೂರ್ವಕ ಹಿಂಸೆಯನ್ನು ಪೂರ್ತಿಯಾಗಿ ಬಿಡಬೇಕು. ಮನೆವಾರ್ತೆ, ಉದ್ಯೋಗ, ರಕ್ಷಣೆಗಳಲ್ಲಿ ತಪ್ಪಿಸಲಾಗದ ಹಿಂಸೆಯನ್ನು ಯತ್ನಾಚಾರದಿಂದ ಕನಿಷ್ಠಕ್ಕಿಳಿಸಬೇಕು. ಈ ಅಳತೆಗೋಲಿನಿಂದ ನೋಡಿದರೆ ಉತ್ತರ ಕಾಣುತ್ತದೆ. ತೇಲುವ ತೈಲವನ್ನು ಮೊದಲು ಯಂತ್ರದಿಂದ ಹೊರತೆಗೆಯಬೇಕು. ಸಸಿ ತಾಳಿಕೊಳ್ಳುವಷ್ಟು ಮಾತ್ರ ಉಳಿದ ಮೇಲೆ ಸಸಿ ನೆಡಬೇಕು. ಆಗ ಮರ ಬಲಿಪಶುವಾಗುವುದಿಲ್ಲ. ತನ್ನ ಸ್ವಭಾವದಂತೆ ಬದುಕುತ್ತಲೇ ನೀರಿಗೆ ಉಪಕಾರ ಮಾಡುತ್ತದೆ. ಖರ್ಚು ಉಳಿಯುತ್ತದೆಂದು ಯಂತ್ರದ ಕೆಲಸವನ್ನು ಬಿಟ್ಟು, ವಿಷದ ಮಡುವಿನಲ್ಲಿ ಸಾವಿರ ಸಸಿ ನೆಟ್ಟು, ಭಾವಚಿತ್ರ ತೆಗೆಸಿಕೊಂಡು ಬರುವುದು ಹಿಂಸೆಯೇ ಸರಿ, ಅದಕ್ಕೆ ಹಸಿರು ಬಣ್ಣವಿದ್ದ ಮಾತ್ರಕ್ಕೆ ಬೇರೆಯಾಗದು. ಅಂಥ ಜಾಗದಲ್ಲಿ ಹಣ್ಣಿನ ಗಿಡಗಳೂ ಬೇಡ. ದನಕರುಗಳು ಮೇಯದಂತೆ ಬೇಲಿಯೂ ಇರಬೇಕು. ಹಕ್ಕಿಗೂ ಮಗುವಿಗೂ ಅದು ವಿಷವೃಕ್ಷವೋ ಅಲ್ಲವೋ ತಿಳಿಯುವುದಿಲ್ಲ.

ನಮ್ಮ ಅವಳಿ ನಗರಕ್ಕೆ ಈ ವಿಧಾನ ಎಷ್ಟು ಹೊಂದೀತು? ಪಾಪ್ಲರ್ ತಂಪು ಸೀಮೆಯ ಮರ. ಹುಬ್ಬಳ್ಳಿಯ ಎರೆಯಲ್ಲಿ ಅದನ್ನು ಬೆಳೆಸುವ ಮಾತು ಬೇಡ. ಬೇರು ಆಳಕ್ಕಿಳಿಯುವ, ಬರವನ್ನು ತಾಳುವ ಹೊಂಗೆ ನಮ್ಮದು, ಬೇವು ನಮ್ಮದು, ಹುಲ್ಲಿನ ಜಾತಿಯದಾದರೂ ಎರಡು ಮೂರು ಮೀಟರ್ ಆಳಕ್ಕೆ ಬೇರಿಳಿಸುವ ಲಾವಂಚವೂ ಇದೆ. ಯಾವ ನೆಲಕ್ಕೆ ಯಾವುದೆಂಬುದನ್ನು ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯದಂಥ ಸಂಸ್ಥೆಗಳವರು ಮಣ್ಣು ನೋಡಿ ಹೇಳಬೇಕಾದ ಮಾತು, ಅಂಕಣಕಾರನು ಹೇಳಬೇಕಾದುದಲ್ಲ. ಆದರೆ ಒಂದು ಮಾತನ್ನು ಯಾರಾದರೂ ಹೇಳಬಹುದು. ಬೇರು ಮುಟ್ಟಿದ ನೀರನ್ನು ಮಾತ್ರ ಮರ ಶುದ್ಧಿಗೊಳಿಸೀತು. ಮಲಪ್ರಭೆಯ ನೀರು ನಲ್ಲಿಗೆ ಕೆಲವು ದಿನಗಳಿಗೊಮ್ಮೆ ಬರುವ ಬಡಾವಣೆಗಳಲ್ಲಿ ನಾವು ನೆಚ್ಚಿಕೊಂಡಿರುವ ಕೊಳವೆಬಾವಿಗಳು ನೂರಾರು ಅಡಿ ಆಳದ ಬಂಡೆಯ ಬಿರುಕುಗಳಿಂದ ನೀರೆತ್ತುತ್ತವೆ. ಆ ಬಿರುಕಿಗೆ ತೈಲ ಇಳಿಯಿತೆಂದರೆ ಯಾವ ಹೊಂಗೆಯ ಬೇರೂ ಅದನ್ನು ಹಿಂಬಾಲಿಸಿ ಹೋಗಲಾರದು.

ಹೀಗಾಗಿ ಚರ್ಚೆ ಮರದಿಂದ ಮತ್ತೆ ಮನುಷ್ಯನ ಬಳಿಗೇ ಬರುತ್ತದೆ.

ನನ್ನ ಬಾಲ್ಯದ ಒಂದು ಸಂಗತಿ. ಧಾರವಾಡದ ಪಡುವಣ ಸೆರಗಿನಲ್ಲಿ ನಮ್ಮದೊಂದು ಹೊಲ, ಹೊಲದಲ್ಲೊಂದು ಬಾವಿ. ಕುಡಿಯಲು ಅದೇ ನೀರು. ನಮ್ಮ ಅಜ್ಜಿ ಸೋಸದ ನೀರನ್ನು ಬಾಯಿಗಿಟ್ಟವರಲ್ಲ. ಸೋಸಿದ ಮೇಲೆ ಬಟ್ಟೆಯನ್ನು ಮಗುಚಿ, ಅದೇ ಬಾವಿಯ ನೀರಿನಿಂದ ತೊಳೆದು, ಅದರಲ್ಲಿ ಉಳಿದ ಜೀವಗಳನ್ನು ಕೊಡದಲ್ಲಿಳಿಸಿ ಮೆಲ್ಲಗೆ ಬಾವಿಗೇ ಮರಳಿ ಬಿಡುವರು; ಮೇಲಿನಿಂದ ಎಸೆಯುವಂತಿರಲಿಲ್ಲ. ತಂದೆಯವರು ಬಾವಿಗೆ ಡೀಸೆಲ್ ಇಂಜಿನ್ ಕೂಡಿಸಿದಾಗ ನಮಗೆಲ್ಲ ಹಬ್ಬ. ಇಂಜಿನ್ನು ಬಾವಿಕಟ್ಟೆಯ ಪಕ್ಕದಲ್ಲೇ ಇತ್ತು, ಅದರ ಬಳಿ ಡೀಸೆಲ್ ತುಂಬಿದ ಪೀಪಾಯಿ. ತುಂಬುವಾಗ ಚೆಲ್ಲಿದ್ದು, ತೊಟ್ಟಿಕ್ಕಿದ್ದು, ಆಯಿಲ್ ಬದಲಿಸಿದಾಗ ಸುರಿದದ್ದು ಎಲ್ಲವೂ ಅಲ್ಲಿಯೇ ಮಣ್ಣಿಗೆ. ಅದು ತಪ್ಪೆಂದು ಯಾರಿಗೂ ಹೊಳೆಯಲಿಲ್ಲ. ತಂದೆಯವರು ಪರ್ವದಿನ ಉಪವಾಸ ತಪ್ಪಿಸಿದವರಲ್ಲ, ಇರುವೆಯ ಸಾಲು ಕಂಡರೆ ದಾಟಿ ನಡೆದವರು. ಮೂರೋ ನಾಲ್ಕೋ ವರ್ಷದ ಮೇಲೆ ಒಂದು ಮಳೆಗಾಲ ಅಜ್ಜಿ ಸೋಸಿ ಒಣಹಾಕಿದ ಬಟ್ಟೆಯನ್ನು ಮೂಸಿ ನೋಡಿ, “ಇದನ್ನ ಎಷ್ಟು ಸೋಸಿದ್ರೂ ಸೋಸಿದ್ಹಂಗ ಆಗಂಗಿಲ್ಲೋ ತಮ್ಮಾ” ಎಂದರು. ನೀರಿನ ಮೇಲೆ ನವಿಲುಗರಿಯ ಬಣ್ಣದ ತೆಳು ಪೊರೆ ಹರಿದಾಡುತ್ತಿತ್ತು.

ಇಂಜಿನ್ನನ್ನು ದೂರ ಸರಿಸಲಾಯಿತು. ಬಾವಿಯ ನೀರು ಕುಡಿಯುವುದು ನಿಂತಿತು. ಆರೇಳು ವರ್ಷ ಅಜ್ಜಿಯೂ ಅವ್ವನೂ ಅರ್ಧ ಮೈಲಿ ಆಚೆಯ ಊರ ಬಾವಿಯಿಂದ ನೀರು ಹೊತ್ತರು. ಅಜ್ಜಿ ತೀರಿಕೊಂಡ ಎಷ್ಟೋ ದಿನಗಳ ಮೇಲೆ ಬಾವಿಯ ವಾಸನೆ ತಾನಾಗಿಯೇ ಹೋಯಿತೆಂದರು. ಆ ನೀರನ್ನು ಪರೀಕ್ಷಿಸಿದವರು ಯಾರೂ ಇಲ್ಲ. ಬಟ್ಟೆಯಲ್ಲಿ ಸಿಕ್ಕ ಕಣ್ಣಿಗೆ ಕಾಣದ ಜೀವವನ್ನು ಬಾವಿಗೆ ಮರಳಿ ಬಿಡುತ್ತಿದ್ದ ಮನೆಯೇ ಅದೇ ಬಾವಿಗೆ ಡೀಸೆಲ್ ಇಳಿಸಿತ್ತು. ಇದನ್ನು ನೆನೆದಾಗಲೆಲ್ಲ ಬೇರೆಯವರತ್ತ ಬೆರಳು ತೋರಿಸಲು ನನಗೆ ಮನಸ್ಸಾಗುವುದಿಲ್ಲ.

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ಐದು ಬಗೆಯಾಗಿ ವಿಂಗಡಿಸಿದ್ದಾರೆ. ಅವುಗಳಲ್ಲೊಂದು ಪ್ರಮಾದಚರ್ಯೆ. ಪ್ರಯೋಜನವಿಲ್ಲದೆ ನೆಲವನ್ನು ಕೆದಕುವುದು, ನೀರನ್ನು ಚೆಲ್ಲುವುದು, ಬೆಂಕಿ ಹಚ್ಚುವುದು, ಗಿಡಬಳ್ಳಿಗಳನ್ನು ಕಡಿಯುವುದು ಇದರಲ್ಲಿ ಬರುತ್ತವೆ. ನಾವು ಇದನ್ನು ಸಣ್ಣ ದೋಷವೆಂದು ಭಾವಿಸಿ ಪಾಠ ಹೇಳಿ ಮುಗಿಸುತ್ತೇವೆ. ಆದರೆ ತತ್ತ್ವಾರ್ಥಸೂತ್ರ ಹಿಂಸೆಯ ಲಕ್ಷಣವನ್ನು ಹೇಳುವಲ್ಲಿ ದ್ವೇಷಕ್ಕಿಂತ ಮೊದಲು ಪ್ರಮಾದವನ್ನೇ ಹಿಡಿಯುತ್ತದೆಂಬುದನ್ನು ಮರೆಯಲಾಗದು. ಇಂಧನ ಸೋರುವ ಕಡೆ ಯಾರಿಗೂ ಯಾರ ಮೇಲೂ ದ್ವೇಷವಿರುವುದಿಲ್ಲ. ತೊಟ್ಟಿ ಹಳೆಯದಾಗಿದೆ, ನೋಡೋಣ ಬಿಡು, ಎನ್ನುವ ಒಂದು ಸೋಮಾರಿತನವಿರುತ್ತದೆ. ಅಷ್ಟು ಸಾಕು.

ಮುನಿಗಳ ಐದು ಸಮಿತಿಗಳಲ್ಲಿ ಕೊನೆಯದು ಉತ್ಸರ್ಗ ಸಮಿತಿ. ಮಲಮೂತ್ರಾದಿಗಳನ್ನು ಜೀವಬಾಧೆಯಿಲ್ಲದ ಜಾಗವನ್ನು ನೋಡಿ, ಪಿಂಛಿಯಿಂದ ಪರಿಮಾರ್ಜಿಸಿ ವಿಸರ್ಜಿಸಬೇಕೆಂಬ ಎಚ್ಚರ ಅದು. ಬೇಡವಾದುದನ್ನು ಎಲ್ಲಿ ಬಿಡುತ್ತೇವೆಂಬುದನ್ನು ಮೋಕ್ಷಮಾರ್ಗದ ಒಂದು ಅಂಗವೆಂದು ಎಣಿಸಿದ ಪರಂಪರೆ ನಮ್ಮದು. ಶ್ರಾವಕರು ಅದನ್ನು ಮುನಿಗಳಿಗೆ ಬಿಟ್ಟುಕೊಟ್ಟು ಕೈತೊಳೆದುಕೊಂಡಿದ್ದೇವೆ.

ಮರದಿಂದ ನೀರು ಶುದ್ಧಿಯಾಗುವುದನ್ನು ಕೇಳಿದಾಗ ನಿರ್ಜರೆಯ ನೆನಪು ಬರುವುದು ಸಹಜ. ಕರ್ಮ ಎರಡು ಬಗೆಯಲ್ಲಿ ಉದುರುತ್ತದೆ: ಕಾಲ ಬಂದಾಗ ತಾನಾಗಿ ಫಲ ಕೊಟ್ಟು ಉದುರುವುದು ಒಂದು, ತಪಸ್ಸಿನಿಂದ ಮೊದಲೇ ಪಕ್ವಗೊಂಡು ಉದುರುವುದು ಇನ್ನೊಂದು. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದಕ್ಕೆ ಮಾವು, ಹಲಸುಗಳನ್ನು ಉಪಾಯದಿಂದ ಹಣ್ಣುಮಾಡುವ ಉದಾಹರಣೆಯನ್ನು ಕೊಡುತ್ತಾರೆ. ನಮ್ಮ ಹೊಲದ ಬಾವಿಯದು ಮೊದಲನೆಯ ಬಗೆ. ಫಲವನ್ನು ಅಜ್ಜಿಯ ತಲೆಯ ಮೇಲಿನ ಕೊಡ ಅನುಭವಿಸಿತು. ಮರ ನೆಟ್ಟು ಕಾಲವನ್ನು ತಗ್ಗಿಸುವುದನ್ನು ಎರಡನೆಯದಕ್ಕೆ ಹೋಲಿಸಬಹುದು. ಆದರೆ ಹೋಲಿಕೆ ಅಲ್ಲಿಗೇ ನಿಲ್ಲಬೇಕು. ಒಬ್ಬನ ಕರ್ಮವನ್ನು ಇನ್ನೊಬ್ಬನು ಉದುರಿಸಲಾರನೆಂಬುದು ಜಿನಧರ್ಮದ ಅಡಿಗಲ್ಲು. ಮರವು ನೀರನ್ನು ತಿಳಿಗೊಳಿಸೀತು, ಸೋರಲು ಬಿಟ್ಟವನನ್ನಲ್ಲ.

ಇನ್ನೂ ಒಂದು ಕ್ರಮವಿದೆ. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯ ಸಂವರದಿಂದಲೇ ಆರಂಭವಾಗುತ್ತದೆ, ನಿರ್ಜರೆ ಆಮೇಲೆ. ತೂತುಬಿದ್ದ ದೋಣಿಯ ದೃಷ್ಟಾಂತ ಎಲ್ಲರಿಗೂ ಗೊತ್ತು; ತೂತನ್ನು ಮುಚ್ಚದೆ ನೀರನ್ನು ಎಷ್ಟು ಮೊಗೆದರೇನು? ಎಲಿಜಬೆತ್ ಸಿಟಿಯವರೂ ತೊಟ್ಟಿಗಳನ್ನು ತೆಗೆದ ಮೇಲೆಯೇ ಸಸಿ ನೆಟ್ಟರು. ನಾವೇನು ಮಾಡುತ್ತೇವೆ? ಸಸಿ ನೆಡುವ ಕಾರ್ಯಕ್ರಮಕ್ಕೆ ಆಮಂತ್ರಣ ಅಚ್ಚುಹಾಕಿಸುತ್ತೇವೆ. ತೊಟ್ಟಿಯ ಮುಚ್ಚಳ ತೆರೆದು ನೋಡುವುದಕ್ಕೆ ಆಮಂತ್ರಣವಿಲ್ಲ.

ಹುಬ್ಬಳ್ಳಿ ಸಾರಿಗೆಯ ಊರು, ವ್ಯಾಪಾರದ ಊರು. ಕನ್ನಡ ದಿಗಂಬರರೂ ರಾಜಸ್ಥಾನ, ಗುಜರಾತಿನ ಮೂಲದ ಶ್ವೇತಾಂಬರರೂ ಇಲ್ಲಿ ತಲೆಮಾರುಗಳಿಂದ ಅಂಗಡಿ, ಗೋದಾಮು, ಲಾರಿಗಳನ್ನು ನಡೆಸಿಕೊಂಡು ಬಂದಿದ್ದಾರೆ. ದೊಡ್ಡ ಕಟ್ಟಡವೆಂದರೆ ಹಿಂದುಗಡೆ ಒಂದು ಜನರೇಟರ್, ಅದರ ಪಕ್ಕ ಡೀಸೆಲ್ ಡ್ರಮ್ಮು. ಗ್ಯಾರೇಜುಗಳ ಮುಂದೆ ನಡೆದುಹೋಗುವಾಗ ಗಟಾರದ ನೀರಿನ ಮೇಲೆ ಅದೇ ನವಿಲುಗರಿಯ ಬಣ್ಣ ನನ್ನ ಕಣ್ಣಿಗೆ ಬೀಳುತ್ತದೆ. ಆ ಗಟಾರಗಳು ನಾಲೆಗೆ ಸೇರುತ್ತವೆ. ಹುಬ್ಬಳ್ಳಿಯ ನಾಲೆಯ ನೀರನ್ನೇ ಬಿಡ್ನಾಳ, ಗಬ್ಬೂರಿನ ಕಡೆ ಎಷ್ಟೋ ವರ್ಷಗಳಿಂದ ಹೊಲಗಳಿಗೆ ಹಾಯಿಸಿ ಕಾಯಿಪಲ್ಲೆ ಬೆಳೆದವರಿದ್ದಾರೆ. ನಾವು ಸಂತೆಯಿಂದ ತಂದು, ಎಲೆಯೆಲೆಯನ್ನೂ ಬಿಡಿಸಿ ಹುಳ ನೋಡಿ, ಅಡುಗೆ ಮಾಡುತ್ತೇವೆ.

ಕಾನೂನಿಲ್ಲವೆಂದಲ್ಲ. ಸುಟ್ಟ ಆಯಿಲ್ಲನ್ನು ಅಪಾಯಕಾರಿ ತ್ಯಾಜ್ಯವೆಂದು ಪರಿಗಣಿಸಿ, ಪರವಾನಗಿಯುಳ್ಳ ಮರುಬಳಕೆದಾರರಿಗೇ ಕೊಡಬೇಕೆಂದು 2016ರ ನಿಯಮಗಳು ಹೇಳುತ್ತವೆ. ಹೊಸ ಪೆಟ್ರೋಲ್ ಬಂಕುಗಳು ಶಾಲೆ, ಆಸ್ಪತ್ರೆ, ವಸತಿಗಳಿಂದ ಸಾಮಾನ್ಯವಾಗಿ 50 ಮೀಟರ್ ದೂರವಿರಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಕಾನೂನು ಅಧಿಕಾರಿ ಬಂದ ದಿನ ನೋಡುತ್ತದೆ, ವ್ರತಕ್ಕೆ ರಜೆಯಿಲ್ಲ.

ಲಕ್ಕುಂಡಿ ಇಲ್ಲಿಂದ ದೂರವೇನಲ್ಲ. 1007ರಲ್ಲಿ ಅತ್ತಿಮಬ್ಬೆ ಬ್ರಹ್ಮಜಿನಾಲಯ ಕಟ್ಟಿಸಿದ ಊರು. ನೂರೊಂದು ಗುಡಿ, ನೂರೊಂದು ಬಾವಿ ಎಂದು ಜನ ಇಂದಿಗೂ ಹೇಳುತ್ತಾರೆ. ಗುಡಿಯನ್ನೂ ಬಾವಿಯನ್ನೂ ಒಂದೇ ಉಸಿರಿನಲ್ಲಿ ಎಣಿಸಿದ ನಾಡು ಇದು. ಗುಡಿಯ ಜೀರ್ಣೋದ್ಧಾರಕ್ಕೆ ನಮ್ಮಲ್ಲಿ ದಾನಿಗಳಿದ್ದಾರೆ. ಬಾವಿಯದಕ್ಕೆ?

ಮಳೆಗಾಲದಲ್ಲಿ ನೆಲದ ತುಂಬ ಜೀವೋತ್ಪತ್ತಿಯಾಗುವುದರಿಂದ ಮುನಿಗಳು ಒಂದೆಡೆ ನಿಂತು ಚಾತುರ್ಮಾಸ ಆಚರಿಸುತ್ತಾರೆ. ಈ ಆಷಾಢದಲ್ಲಿ ಎಂದಿನಂತೆ ಸಮಾಜದ ವತಿಯಿಂದ ಸಸಿ ನೆಡಲಿ, ಹೊಂಗೆಯನ್ನೂ ಬೇವನ್ನೂ ನೆಡಲಿ. ಅದಕ್ಕೆ ಮೊದಲು, ಚಾತುರ್ಮಾಸ ಸ್ಥಾಪನೆಯ ದಿನವೇ, ಲಾರಿ, ಬಂಕು, ಗ್ಯಾರೇಜು, ಕಲ್ಯಾಣಮಂಟಪಗಳನ್ನು ನಡೆಸುವ ಶ್ರಾವಕರು ಒಂದು ನಿಯಮವನ್ನು ತೆಗೆದುಕೊಳ್ಳಲೆಂದು ಪೂಜ್ಯರಲ್ಲಿ ವಿನಂತಿಸಬಹುದು: ನಾಲ್ಕು ತಿಂಗಳು ವಾರಕ್ಕೊಮ್ಮೆ ತಮ್ಮ ತೊಟ್ಟಿಯ ಮಟ್ಟವನ್ನು ಕಡ್ಡಿಯಿಟ್ಟು ಅಳೆದು, ಕೊಂಡದ್ದಕ್ಕೂ ಖರ್ಚಾದದ್ದಕ್ಕೂ ತಾಳೆ ನೋಡುವುದು; ಡ್ರಮ್ಮಿನಡಿಗೆ ಒಂದು ತಗಡಿನ ತಟ್ಟೆಯಿಡುವುದು; ಸುಟ್ಟ ಆಯಿಲ್ಲನ್ನು ಡಬ್ಬಿಯಲ್ಲಿ ಕೂಡಿಟ್ಟು ಪರವಾನಗಿಯವರಿಗೆ ಕೊಡುವುದು. ಅಕ್ಕಪಕ್ಕದಲ್ಲಿ ಬಂಕು, ಗ್ಯಾರೇಜು ಇರುವ ಮನೆಯವರು ವರ್ಷಕ್ಕೊಮ್ಮೆ ಕೊಳವೆಬಾವಿಯ ನೀರನ್ನು ಪ್ರಯೋಗಾಲಯಕ್ಕೆ ಕೊಟ್ಟು ಪರೀಕ್ಷಿಸಿಕೊಳ್ಳುವುದು. ಬರಿಯ ಗಡಸುತನದ ಪರೀಕ್ಷೆ ಸಾಲದು, ತೈಲಾಂಶವನ್ನೂ ನೋಡಿರೆಂದು ಕೇಳಬೇಕು. ನನ್ನ ಸ್ಕೂಟರಿನ ಆಯಿಲ್ಲನ್ನು ಬದಲಿಸುವ ಹುಡುಗನಿಗೆ ಕಳೆದ ತಿಂಗಳು ಹಳೆಯ ಡಬ್ಬಿಯೊಂದನ್ನು ಕೊಟ್ಟು ಬಂದೆ. ಗಟಾರಕ್ಕೆ ಸುರಿಯದೆ ಅದರಲ್ಲಿ ಹಾಕುತ್ತೇನೆಂದಿದ್ದಾನೆ. ಮುಂದಿನ ವಾರ ಹೋಗಿ ನೋಡಬೇಕು.